ಹೃದಯದ ರಕ್ತನಾಳದ ಸುಣ್ಣಕ್ಕೆ ಅಂಕಿ ಕೊಡುವುದು ಹೀಗೆ

ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುವ ನನಗೆ ‘ಕೊರೊನರಿ ಕ್ಯಾಲ್ಸಿಯಂ ಸ್ಕೋರ್’ ಎಂದು ಬರೆದ ಚೀಟಿ ಹಿಡಿದು ಬರುವವರು ದಿನವೂ ಸಿಗುತ್ತಾರೆ. ‘ಹೃದಯದ ರಕ್ತನಾಳದಾಗ ಎಷ್ಟು ಸುಣ್ಣ ಕಟ್ಟೇತಿ ಅಂತ ನೋಡ್ತೀವ್ರಿ’ ಎಂದು ಹೇಳುತ್ತೇನೆ. ಒಮ್ಮೆ ನವಲಗುಂದ ಕಡೆಯ ಅಜ್ಜಿಯೊಬ್ಬರು ಇದನ್ನು ಕೇಳಿ ಸೊಂಟದಿಂದ ಸುಣ್ಣದ ಡಬ್ಬಿಯನ್ನೇ ತೆಗೆದು ತೋರಿಸಿದರು. ‘ಇದನ್ನ ತಿಂದದ್ದಕ್ಕ ಆಗೇತೇನ್ ತಂಗಿ?’

ಅಲ್ಲ. ಎಲೆ ಅಡಿಕೆಯ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಡಿಕೆ, ತಂಬಾಕು ಬಿಡಬೇಕು ಅನ್ನೋದು ನಿಜ, ಅದಕ್ಕೆ ಕಾರಣ ಬೇರೆ. ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರುತ್ತದೆ. ಅಲ್ಲಿ ಉರಿಯೂತ ಏಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ, ಹಳೆಯ ಗಾಯದ ಮೇಲೆ ಹಕ್ಕಳೆ ಕಟ್ಟಿದ ಹಾಗೆ. ಇದಕ್ಕೆ ಹೆದರಿ ಹಾಲು ಮೊಸರು ಬಿಡುವವರಿದ್ದಾರೆ, ಬಿಡಬೇಕಿಲ್ಲ.

ಮೊದಲ ಹೆಜ್ಜೆ: ನಿಮಗೆ ಬೇಕಾ?

ಈ ಸ್ಕ್ಯಾನ್ ಯಾವುದೇ ತೊಂದರೆ ಇಲ್ಲದವರಿಗೆ. ಸಾಮಾನ್ಯವಾಗಿ 40ರಿಂದ 75 ವರ್ಷದವರು, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ, ಅಪ್ಪನಿಗೋ ಅಣ್ಣನಿಗೋ ಹೃದಯದ ಕಾಯಿಲೆ ಇತ್ತು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಬೇಕೋ ಬೇಡವೋ ಎಂದು ಡಾಕ್ಟರಿಗೂ ಗೊಂದಲ. ಅಂಥಲ್ಲಿ ಈ ಅಂಕಿ ದಾರಿ ತೋರಿಸುತ್ತದೆ. ಆಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ ಇದರಿಂದ ಹೊಸದೇನೂ ತಿಳಿಯುವುದಿಲ್ಲ. ಗರ್ಭಿಣಿಯರಿಗೆ ಮಾಡುವುದಿಲ್ಲ.

ಅಣ್ಣಿಗೇರಿಯ ಕಾಕಾ ಒಬ್ಬರು ಮುಂಜಾನೆ ಮೊದಲ ಬಸ್ಸಿಗೇ ಬಂದಿದ್ದರು. ಹೆಸರು ಬರೆದುಕೊಳ್ಳುತ್ತಾ ‘ಏನ್ ತ್ರಾಸ ಐತ್ರಿ ಕಾಕಾ?’ ಅಂದೆ. ‘ನಿನ್ನಿ ರಾತ್ರಿಯಿಂದ ಎದಿ ಹಿಡದಂಗ ಆಗೇತಿ, ಬೆವರು ಬರಾಕತ್ತೇತಿ. ಸ್ಕ್ಯಾನ್ ಒಂದ್ ಮಾಡಿಬಿಡು ತಂಗಿ.’ ಸ್ಕ್ಯಾನ್ ಮಾಡಲಿಲ್ಲ. ವೀಲ್‌ಚೇರ್‌ನಲ್ಲಿ ಕೂರಿಸಿ ಸೀದಾ ಎಮರ್ಜೆನ್ಸಿಗೆ ಕಳಿಸಿದೆವು. ಎದೆನೋವು, ಬೆವರು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಏದುಸಿರು ಇದ್ದರೆ ನೀವು ಹೋಗಬೇಕಾದದ್ದು ಅಲ್ಲಿಗೇ. 108ಕ್ಕೆ ಫೋನ್ ಮಾಡಿ. ಆಗ ಬೇಕಾದದ್ದು ಇಸಿಜಿ ಮತ್ತು ರಕ್ತಪರೀಕ್ಷೆ. ಕ್ಯಾಲ್ಸಿಯಂ ಅಂಕಿ ಹುಡುಕುತ್ತಾ ಕೂತರೆ ಹೊತ್ತು ಹಾಳು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ.

ಬರುವ ದಿನ

ಚಹಾ, ಕಾಫಿ, ಬೀಡಿ, ಸಿಗರೇಟು ಕನಿಷ್ಠ ನಾಲ್ಕು ತಾಸು ಮೊದಲೇ ನಿಲ್ಲಿಸಿ. ಇವು ಎದೆಬಡಿತ ಏರಿಸುತ್ತವೆ, ಬಡಿತ ಏರಿದರೆ ಚಿತ್ರ ಅಲುಗಾಡುತ್ತದೆ. ಇಂಜೆಕ್ಷನ್ ಇಲ್ಲ, ಬಣ್ಣದ ಔಷಧಿ ಇಲ್ಲ. ಹಾಗಾಗಿ ಕಿಡ್ನಿ ತೊಂದರೆ ಇದ್ದವರೂ ಹೆದರಬೇಕಿಲ್ಲ. ಬುಕ್ ಮಾಡುವಾಗ ಒಂದು ಪ್ರಶ್ನೆ ಕೇಳಿ: ‘ಇಸಿಜಿ ಗೇಟಿಂಗ್ ಜೊತೆ ಮಾಡ್ತೀರಾ?’ ಗೇಟಿಂಗ್ ಅಂದರೆ ಎದೆಬಡಿತ ನೋಡಿಕೊಂಡು ಚಿತ್ರ ತೆಗೆಯುವುದು. ಹೌದು ಎನ್ನುವ ಕಡೆಯೇ ಹೋಗಿ.

ಕೊರಳಲ್ಲಿ ಲೋಹ ಇರಬಾರದು. ತಾಳಿ ತೆಗೆಯಲು ನಮ್ಮ ಕಡೆಯ ಹೆಣ್ಣುಮಕ್ಕಳು ಹಿಂದೇಟು ಹಾಕುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ನಾವು ಸ್ಕ್ಯಾನ್ ಮಾಡುವುದು ಶ್ವಾಸನಾಳ ಎರಡಾಗಿ ಒಡೆಯುವ ಜಾಗದಿಂದ ಹೃದಯದ ತಳದವರೆಗೆ ಮಾತ್ರ. ಸರವನ್ನು ಗದ್ದದ ಹತ್ತಿರಕ್ಕೆ ಸರಿಸಿದರೂ ಸಾಕಾಗುತ್ತದೆ. ಸಂಕೋಚ ಬೇಡ, ಹೇಳಿ.

ಮಷೀನಿನೊಳಗೆ

ಅಂಗಾತ ಮಲಗಿಸಿ ಎರಡೂ ಕೈ ತಲೆಯ ಮೇಲಕ್ಕೆ ಎತ್ತಿಸುತ್ತೇವೆ. ಎದೆಗೆ ಇಸಿಜಿ ತಂತಿ ಅಂಟಿಸುತ್ತೇವೆ. ಹೃದಯ ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ ಅಲ್ವಾ? ಆದರೂ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ, ಆ ಸಮಯದ ಸುಮಾರು ಮುಕ್ಕಾಲು ಭಾಗ ಕಳೆದ ಹೊತ್ತಿಗೆ, ಅದು ಸಡಿಲಾಗಿ ಕಡಿಮೆ ಅಲುಗಾಡುತ್ತದೆ. ಇಸಿಜಿ ನೋಡಿಕೊಂಡು ಮಷೀನು ಅದೇ ಗಳಿಗೆಯಲ್ಲಿ ಚಿತ್ರ ತೆಗೆಯುತ್ತದೆ. ‘ಉಸಿರು ತಗೋರಿ, ಹಿಡೀರಿ’ ಅಂದ ಮೇಲೆ ಹತ್ತು ಸೆಕೆಂಡು ಹಿಡಿದರೆ ಕೆಲಸ ಮುಗಿಯಿತು. ಮೊದಲೇ ಎರಡು ಸಲ ಅಭ್ಯಾಸ ಮಾಡಿಸುತ್ತೇವೆ. ವಿಕಿರಣದ ಪ್ರಮಾಣ ಸುಮಾರು 1 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸಿಗುವುದು ಜಗತ್ತಿನ ಸರಾಸರಿಯಲ್ಲಿ 2.4.

ಅಂಕಿ ಹೇಗೆ ಬರುತ್ತದೆ?

ನನಗೆ ಬಹಳ ಇಷ್ಟವಾದ ಭಾಗ ಇದು. ಸಿಟಿ ಚಿತ್ರದಲ್ಲಿ ಪ್ರತಿ ಬಿಂದುವಿಗೂ ಒಂದು ಸಾಂದ್ರತೆಯ ಅಂಕಿ ಇರುತ್ತದೆ. ಅದರ ಅಳತೆ ಹೌನ್ಸ್‌ಫೀಲ್ಡ್ ಯೂನಿಟ್. ಸಿಟಿ ಯಂತ್ರಕ್ಕಾಗಿ 1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರು ಅದಕ್ಕಿದೆ. ನೀರು 0, ಗಾಳಿ ಮೈನಸ್ 1000. ಫ್ಯಾಂಟಮ್ ಎಂಬ ನೀರು ತುಂಬಿದ ಪರೀಕ್ಷಾ ಡಬ್ಬಿ ಇಟ್ಟು ಅಂಕಿ ಸೊನ್ನೆಯ ಹತ್ತಿರ ಬರುತ್ತದೆಯಾ ಎಂದು ನಾವು ಆಗಾಗ ಪರೀಕ್ಷಿಸುವುದು ಇದಕ್ಕೇ. ತಕ್ಕಡಿಯೇ ಸರಿ ಇಲ್ಲದಿದ್ದರೆ ತೂಕ ಎಲ್ಲಿಂದ ಸರಿ ಬರಬೇಕು?

1990ರಲ್ಲಿ ಅಮೆರಿಕದ ಹೃದಯ ವೈದ್ಯ ಆರ್ಥರ್ ಅಗಾಟ್‌ಸ್ಟನ್ ಮತ್ತು ಅವರ ಜೊತೆಗಾರರು ಲೆಕ್ಕದ ದಾರಿಯೊಂದನ್ನು ಪ್ರಕಟಿಸಿದರು. ಇವತ್ತಿಗೂ ಅದೇ ನಡೆಯುತ್ತಿದೆ. ಹೃದಯವನ್ನು 3 ಮಿಲಿಮೀಟರ್ ದಪ್ಪದ ಹೋಳುಗಳಾಗಿ ನೋಡುತ್ತೇವೆ. 130 ಯೂನಿಟ್ ಅಥವಾ ಜಾಸ್ತಿ ಇದ್ದು, ಕನಿಷ್ಠ 1 ಚದರ ಮಿಲಿಮೀಟರ್ ವಿಸ್ತೀರ್ಣವಿರುವ ಚುಕ್ಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಚುಕ್ಕೆಯಲ್ಲಿ ಅತಿ ಹೆಚ್ಚಿನ ಸಾಂದ್ರತೆ 130ರಿಂದ 199 ಇದ್ದರೆ ಅದರ ವಿಸ್ತೀರ್ಣವನ್ನು 1ರಿಂದ ಗುಣಿಸಬೇಕು. 200ರಿಂದ 299ಕ್ಕೆ 2, 300ರಿಂದ 399ಕ್ಕೆ 3, 400 ಅಥವಾ ಜಾಸ್ತಿ ಇದ್ದರೆ 4.

ಒಂದು ಲೆಕ್ಕ ಮಾಡೋಣ. ಹೃದಯದ ಮುಂಭಾಗಕ್ಕೆ ಇಳಿಯುವ ಎಡ ರಕ್ತನಾಳದ ಒಂದು ಹೋಳಿನಲ್ಲಿ 6 ಚದರ ಮಿಲಿಮೀಟರಿನ ಚುಕ್ಕೆ ಇದೆ, ಸಾಂದ್ರತೆ 320. ಆರು ಮೂರಲೇ 18. ಕೆಳಗಿನ ಹೋಳಿನಲ್ಲಿ ಅದೇ ಸುಣ್ಣ ಮುಂದುವರಿದಿದೆ: ವಿಸ್ತೀರ್ಣ 4, ಸಾಂದ್ರತೆ 210. ನಾಲ್ಕೆರಡಲೇ 8. ಬಲ ರಕ್ತನಾಳದಲ್ಲಿ ವಿಸ್ತೀರ್ಣ 5, ಸಾಂದ್ರತೆ 150 ಇರುವ ಇನ್ನೊಂದು ಚುಕ್ಕೆ. ಐದೊಂದಲೇ 5. ಒಟ್ಟು ಸ್ಕೋರ್ 31.

ಗುಣಾಕಾರವನ್ನು ಸಾಫ್ಟ್‌ವೇರ್ ಮಾಡುತ್ತದೆ. ಆದರೆ ಅದು 130 ದಾಟಿದ್ದಕ್ಕೆಲ್ಲ ಬಣ್ಣ ಬಳಿಯುತ್ತದೆ: ಪಕ್ಕೆಲುಬು, ಹೃದಯದ ಕವಾಟದ ಸುಣ್ಣ, ಮಹಾಪಧಮನಿಯ ಗೋಡೆ, ಎಲ್ಲಕ್ಕೂ. ಅದರಲ್ಲಿ ಹೃದಯದ ರಕ್ತನಾಳಕ್ಕೆ ಸೇರಿದ್ದನ್ನಷ್ಟೇ ಆರಿಸುವುದು ಮನುಷ್ಯರ ಕೆಲಸ. ರಕ್ತನಾಳ ಹುಟ್ಟುವ ಬಾಯಿಯ ಹತ್ತಿರ ಇದು ಬಹಳ ಕಷ್ಟ. ಅಲ್ಲಿ ಒಂದು ತಪ್ಪು ಕ್ಲಿಕ್ ಆದರೆ ಸೊನ್ನೆ ಇರಬೇಕಾದವರಿಗೆ ಹತ್ತಿಪ್ಪತ್ತು ಬಂದುಬಿಡುತ್ತದೆ.

ಅಂಕಿ ಓದುವುದು

‘ನಾಲ್ಕುನೂರು ಅಂದ್ರ ನಲವತ್ತು ಪರ್ಸೆಂಟ್ ಬ್ಲಾಕ್ ಏನ್ರಿ?’ ತುಂಬಾ ಜನ ಹೀಗೇ ಕೇಳುತ್ತಾರೆ. ಇದು ಬ್ಲಾಕೇಜ್‌ನ ಪರ್ಸೆಂಟ್ ಅಲ್ಲ. ನಾಳ ಎಷ್ಟು ಕಿರಿದಾಗಿದೆ ಎಂದು ಇದು ಹೇಳುವುದಿಲ್ಲ, ಅದಕ್ಕೆ ಆಂಜಿಯೋಗ್ರಾಂ ಇದೆ. ಈ ಅಂಕಿಗೆ ಮೇಲಿನ ಮಿತಿಯೂ ಇಲ್ಲ, ಸಾವಿರ ದಾಟಿದವರನ್ನೂ ನೋಡಿದ್ದೇನೆ.

ಸೊನ್ನೆ ಬಂದರೆ ಮುಂದಿನ ಕೆಲವು ವರ್ಷಗಳ ಅಪಾಯ ಕಡಿಮೆ, ಮಾತ್ರೆ ಸದ್ಯಕ್ಕೆ ಬೇಡ ಎಂದು ಡಾಕ್ಟರ್ ಹೇಳಬಹುದು. ಆದರೆ ಸುಣ್ಣ ಕಟ್ಟದ ಮೆತ್ತನೆಯ ಕೊಬ್ಬು ಈ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಹಾಗಾಗಿ ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಸೊನ್ನೆ ನೋಡಿ ನಿರಾಳವಾಗಬಾರದು. 1ರಿಂದ 99 ಬಂದರೆ, ಅದರಲ್ಲೂ 55 ದಾಟಿದವರಾದರೆ, ಮಾತ್ರೆಯ ಕಡೆಗೆ ತಕ್ಕಡಿ ವಾಲುತ್ತದೆ. 100 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರುವಾಗುತ್ತದೆ. 400ರ ಮೇಲೆ ಅಂದರೆ ಸುಣ್ಣ ಬಹಳ ಇದೆ ಎಂದರ್ಥ.

ಅಂಕಿಯ ಜೊತೆ ವಯಸ್ಸನ್ನೂ ಇಟ್ಟು ನೋಡಲೇಬೇಕು. 31 ಎಂಬ ಅದೇ ಅಂಕಿ 45ರ ಗಂಡಸಿಗೆ ಜಾಸ್ತಿ, 75ರವರಿಗೆ ಕಡಿಮೆ. ಹೀಗೆ ಹೋಲಿಸುವ ಪಟ್ಟಿಗೆ ಆಧಾರ ಅಮೆರಿಕದಲ್ಲಿ 2000ದಲ್ಲಿ ಶುರುವಾದ ‘ಮೆಸಾ’ ಅಧ್ಯಯನ. ಅದರಲ್ಲಿದ್ದ 6,814 ಜನ ಬಿಳಿಯರು, ಕಪ್ಪು ಜನ, ಹಿಸ್ಪಾನಿಕ್ ಮತ್ತು ಚೀನೀ ಮೂಲದವರು. ನಮ್ಮವರು ಆ ಲೆಕ್ಕದಲ್ಲಿಲ್ಲ. ನಮ್ಮಲ್ಲಿ ಹೃದಯದ ಕಾಯಿಲೆ ಬೇಗ ಬರುವುದರಿಂದ ಆ ಪಟ್ಟಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಮಾತ್ರೆ ಶುರುವಾದ ಮೇಲೆ ಪ್ರತಿ ವರ್ಷ ಅಳೆಸಬೇಡಿ. ಸ್ಟ್ಯಾಟಿನ್ ಮೆತ್ತನೆಯ ಕೊಬ್ಬನ್ನು ಗಟ್ಟಿ ಮಾಡುತ್ತದೆ, ಅದರಿಂದ ಅಪಾಯ ಇಳಿದರೂ ಅಂಕಿ ಏರಬಹುದು. ಇದು ಗೊತ್ತಿಲ್ಲದೆ ‘ಮಾತ್ರಿಯಿಂದನ ಜಾಸ್ತಿ ಆತು’ ಎಂದು ನಿಲ್ಲಿಸಿಬಿಟ್ಟವರಿದ್ದಾರೆ.

ಡಾಕ್ಟರ್ ಹತ್ತಿರ ಹೋಗುವಾಗ ಸ್ಕೋರಿನ ಹಾಳೆಯೊಂದೇ ಸಾಲದು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ರಿಪೋರ್ಟುಗಳನ್ನೂ ಒಯ್ಯಿರಿ. ರಿಪೋರ್ಟಿನ ಕೊನೆಯ ಸಾಲುಗಳನ್ನೂ ಓದಿಸಿಕೊಳ್ಳಿ. ಹೃದಯದ ಜೊತೆ ಶ್ವಾಸಕೋಶದ ಒಂದು ಭಾಗವೂ ಚಿತ್ರದಲ್ಲಿ ಬಂದಿರುತ್ತದೆ, ಅಲ್ಲೇನಾದರೂ ಸಣ್ಣ ಗಂಟು ಕಂಡರೆ ಅದನ್ನು ಬರೆಯುವುದು ಅಲ್ಲೇ.