ಚಾಲಕನೇ ಯಜಮಾನನಾದ ರೇಸ್ ತಂಡದ ಚರಿತ್ರೆ ಬರೆಯುವ ಬಗೆ

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಎಂಜಿನ್ ಬೋರಿಂಗ್ ಅಂಗಡಿ. ಸಿಲಿಂಡರ್ ಕೊರೆಯುವವನೂ ನಾನೇ, ಬಿಲ್ ಬರೆಯುವವನೂ ನಾನೇ. ತನ್ನದೇ ತಂಡದ ಕಾರು ಓಡಿಸಿ 1992ರ ವರ್ಷದ ಪಟ್ಟ ಗೆದ್ದ ಅಮೆರಿಕದ ರೇಸ್ ಚಾಲಕ ಅಲನ್ ಕುಲ್ವಿಕಿ ಅವರ ಕಥೆ ನನಗೆ ಹತ್ತಿರವಾದದ್ದು ಅದರಿಂದಲೇ. ಶನಿವಾರ ಸಂಜೆ ಷಟರ್ ಅರ್ಧ ಇಳಿಸಿ, ಕೆಲಸ ಕಲಿಯುವ ಹುಡುಗರಿಗೆ ಅದನ್ನು ಹೇಳುತ್ತೇನೆ. ಈಗ ಇಬ್ಬರು ಹುಡುಗರು ಅದನ್ನು ಬರೆಯಲು ಕೂತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟ ಯಾವುದೆಂದು ಮೊದಲ ಸಾಲುಗಳಲ್ಲೇ ಹೇಳಿ ಮುಗಿಸಿ. ಅಮೆರಿಕದ ನಾಸ್ಕಾರ್: ನೋಡಲು ರಸ್ತೆಯ ಕಾರಿನಂತಿರುವ ವಾಹನಗಳು, ಹೆಚ್ಚಾಗಿ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ, ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಇಷ್ಟು ಸಾಕು.

ಗೆಲುವಿನಿಂದ ಕಥೆ ಎತ್ತಬೇಡಿ, ಕೈಯಲ್ಲಿ ಏನಿತ್ತು ಎಂಬುದರಿಂದ ಎತ್ತಿ. ಕುಲ್ವಿಕಿ ವಿಸ್ಕಾನ್ಸಿನ್‌ನವರು, 1977ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು. ನಾಸ್ಕಾರ್ ತಂಡಗಳ ನೆಲೆಯಾದ ಅಮೆರಿಕದ ದಕ್ಷಿಣಕ್ಕೆ ವಲಸೆ ಹೊರಡುವ ಹೊತ್ತಿಗೆ ಅವರ ಟ್ರಕ್ ಸುಟ್ಟುಹೋಯಿತು. 1986ರಲ್ಲಿ ಒಂದು ಕಾರು, ಎರಡು ಎಂಜಿನ್ ಇಟ್ಟುಕೊಂಡು ಓಡಿ, ಆ ವರ್ಷದ ಅತ್ಯುತ್ತಮ ಹೊಸ ಚಾಲಕ ಎನಿಸಿಕೊಂಡರು. ನಮ್ಮ ಹುಡುಗರಿಗೆ ಇದು ತಕ್ಷಣ ನಾಟುತ್ತದೆ: ಒಂದು ಎಂಜಿನ್ ಬಿಚ್ಚಿ ಹಾಕಿದ್ದರೆ ಉಳಿಯುವುದು ಒಂದೇ.

ಆಮೇಲೆ, ಬೇಡವೆಂದ ಅವಕಾಶವನ್ನು ಹುಡುಕಿ. ದೊಡ್ಡ ತಂಡದ ಒಡೆಯ ಜೂನಿಯರ್ ಜಾನ್ಸನ್ ಕರೆದರೂ ಕುಲ್ವಿಕಿ ಹೋಗಲಿಲ್ಲ. 1992ರಲ್ಲಿ ಅವರಿಗೆ ಕೊನೆಯವರೆಗೂ ಪೈಪೋಟಿ ಕೊಟ್ಟ ಬಿಲ್ ಎಲಿಯಟ್ ಓಡಿಸುತ್ತಿದ್ದದ್ದು ಅದೇ ಜಾನ್ಸನ್ ಅವರ ಕಾರನ್ನು. ಇವೆರಡನ್ನೂ ಒಂದೇ ಪುಟದಲ್ಲಿಡಿ.

ಅಂಕಪಟ್ಟಿಯನ್ನು ನಕಲು ಮಾಡಬೇಡಿ, ನೀವೇ ಲೆಕ್ಕ ಹಾಕಿ. ನಾನು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ಆಗ ವರ್ಷದ ಎಲ್ಲ ಓಟಗಳ ಅಂಕ ಕೂಡಿಸಿ, ಹೆಚ್ಚಿದ್ದವರಿಗೆ ಪಟ್ಟ. 1992ರ ನವೆಂಬರ್ 15, ಅಟ್ಲಾಂಟಾ, ವರ್ಷದ ಕೊನೆಯ ಓಟ. ಎಲಿಯಟ್‌ಗಿಂತ ಕುಲ್ವಿಕಿ 10 ಅಂಕ ಮುಂದಿದ್ದರು. ಆಗ ಓಟ ಗೆದ್ದವರಿಗೆ 175, ಎರಡನೆಯವರಿಗೆ 170. ಒಂದು ಸುತ್ತಾದರೂ ಮುಂದಿದ್ದರೆ 5, ಎಲ್ಲರಿಗಿಂತ ಹೆಚ್ಚು ಸುತ್ತು ಮುಂದಿದ್ದರೆ ಇನ್ನೂ 5. ಓಟ ಗೆದ್ದದ್ದು ಎಲಿಯಟ್: 175 ಮತ್ತು 5, ಒಟ್ಟು 180. ಕುಲ್ವಿಕಿ ಎರಡನೆಯವರು. ಆದರೆ ಅವರು 103 ಸುತ್ತು ಮುಂದಿದ್ದರು, ಎಲಿಯಟ್ 102. ಹಾಗಾಗಿ 170, 5, ಇನ್ನೊಂದು 5, ಅದೂ 180. ಅಂತರ 10ರಲ್ಲೇ ನಿಂತಿತು, ಪಟ್ಟ ಕುಲ್ವಿಕಿಯವರದಾಯಿತು. ಆ ಕೊನೆಯ 5 ಅಂಕ ಎಲಿಯಟ್‌ಗೆ ಹೋಗಿದ್ದರೆ ಇಬ್ಬರೂ ಸಮ. ಸಮವಾದರೆ, ವರ್ಷದಲ್ಲಿ ಹೆಚ್ಚು ಓಟ ಗೆದ್ದಿದ್ದ ಎಲಿಯಟ್‌ಗೆ ಪಟ್ಟ ಸಿಗುತ್ತಿತ್ತು. ಅಂದು ಕುಲ್ವಿಕಿಯವರ ಮೊದಲ ಗೇರ್ ಬೇರೆ ಮುರಿದಿತ್ತು, ಓಟದ ನಡುವೆ ಟೈರು ಬದಲಿಸಿ ಇಂಧನ ತುಂಬುವ ಜಾಗವಾದ ಪಿಟ್‌ನಿಂದ ಹೊರಡುವಾಗ ತಂಡದ ಹುಡುಗರು ಕಾರನ್ನು ತಳ್ಳಬೇಕಾಗಿತ್ತು. ಈ ಭಾಗಕ್ಕೆ ಎಷ್ಟು ಪುಟ ಹಿಡಿದರೂ ಸರಿಯೇ, ಆತುರ ಬೇಡ.

ಚಿಕ್ಕ ವಿವರಗಳನ್ನು ಬಿಡಬೇಡಿ. ಅಟ್ಲಾಂಟಾ ಓಟಕ್ಕೆ ಕುಲ್ವಿಕಿ ತಮ್ಮ ಫೋರ್ಡ್ ಥಂಡರ್‌ಬರ್ಡ್ ಕಾರಿನ ಇಂಗ್ಲಿಷ್ ಹೆಸರಿನಿಂದ ಮೊದಲ ಎರಡು ಅಕ್ಷರ (TH) ತೆಗೆಸಿ ‘ಅಂಡರ್‌ಬರ್ಡ್’ ಮಾಡಿಕೊಂಡಿದ್ದರು; ಗೆಲ್ಲಲಾರನೆಂದು ಜನ ಎಣಿಸಿದವನಿಗೆ ಇಂಗ್ಲಿಷಿನಲ್ಲಿ ‘ಅಂಡರ್‌ಡಾಗ್’ ಎನ್ನುತ್ತಾರೆ. 1988ರಲ್ಲಿ ಫೀನಿಕ್ಸ್‌ನಲ್ಲಿ ಮೊದಲ ಬಾರಿ ಗೆದ್ದಾಗ, ಕಾರನ್ನು ತಿರುಗಿಸಿ, ಓಟದ ದಿಕ್ಕಿಗೆ ಎದುರಾಗಿ ಒಂದು ಸುತ್ತು ಬಂದರು. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಹಾಗೆ ಬಂದರೆ ಜನರಿಗೆ ಅವನ ಮುಖ ಹತ್ತಿರದಿಂದ ಕಾಣುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಪ್ರದಕ್ಷಿಣೆ. ಕನ್ನಡದಲ್ಲಿ ಬರೆಯುವಾಗ ಆ ಪದವನ್ನೇ ಬಳಸಿ.

ಸಾವಿನ ಭಾಗದಲ್ಲಿ ವಿಶೇಷಣಗಳು ಬೇಡ, ದಿನಾಂಕಗಳೇ ಸಾಕು. 1993ರ ಏಪ್ರಿಲ್ 1ರಂದು ಬ್ರಿಸ್ಟಲ್‌ನ ಓಟಕ್ಕೆ ಹೋಗುವಾಗ ಟೆನೆಸ್ಸಿಯಲ್ಲಿ ವಿಮಾನ ಬಿದ್ದು ಕುಲ್ವಿಕಿ ತೀರಿಕೊಂಡರು, ವಯಸ್ಸು 38. ಮೂರು ದಿನದ ನಂತರ ಆ ಓಟ ಗೆದ್ದ ರಸ್ಟಿ ವಾಲೇಸ್ ಅದೇ ಪ್ರದಕ್ಷಿಣೆ ಬಂದರು.

ಕಥೆಯನ್ನು ಅಲ್ಲಿಗೆ ನಿಲ್ಲಿಸಬೇಡಿ, ತಂಡ ಯಾರ ಕೈಗೆ ಹೋಯಿತೆಂದು ಬರೆಯಿರಿ. ಅದನ್ನು ಕೊಂಡವರು ಜೆಫ್ ಬೊಡೈನ್, ಅವರೂ ಚಾಲಕರೇ. ಕುಲ್ವಿಕಿಯವರ 7ನೇ ಸಂಖ್ಯೆಯ ಕಾರನ್ನು ಮುಂದೆ ಅವರು ಓಡಿಸಿದರು.