ಹಳೇ ಟಾಪ್ ಲೋಡ್ ಮಷಿನ್‌ನಲ್ಲಿ ಬಟ್ಟೆ ಮತ್ತೆ ಉರುಳಿತು

ಒಹಾಯೋದಲ್ಲಿ ನಾವು ಕೊಂಡ ಮನೆಯ ಬೇಸ್‌ಮೆಂಟಿನಲ್ಲಿ 1990ರ ದಶಕದ ಟಾಪ್ ಲೋಡ್ ವಾಷಿಂಗ್ ಮಷಿನ್ ಇತ್ತು. ಮಧ್ಯದಲ್ಲಿ ಬಟ್ಟೆಯನ್ನು ಕಲಕುವ ಎತ್ತರದ ಕಂಬ, ಅಂದರೆ ಆಜಿಟೇಟರ್; ಕೈಯಿಂದ ತಿರುಗಿಸುವ ಟೈಮರ್. ಮುಚ್ಚಳ ತೆರೆದು ತೊಟ್ಟಿ ತುಂಬಾ ನೀರಿನಲ್ಲಿ ಬಟ್ಟೆ ಉರುಳುವುದನ್ನು ನೋಡುತ್ತಾ ನಿಲ್ಲುವುದು ನನಗೆ ಬಹಳ ಇಷ್ಟ.

ಕಳೆದ ತಿಂಗಳು ಮೇಲಿದ್ದ ಬಟ್ಟೆ ಮೇಲೇ ತೇಲತೊಡಗಿತು. ಕೊಳೆ ಹೋಗುತ್ತಿರಲಿಲ್ಲ. ಮೋಟಾರ್ ಸರಿಯಿತ್ತು.

ಈ ಆಜಿಟೇಟರ್ ಎರಡು ಭಾಗದ್ದು. ಕೆಳಭಾಗ ಹಿಂದೆ ಮುಂದೆ ಆಡುತ್ತದೆ. ಮೇಲಿನ ತಿರುಪಿನಂಥ ಭಾಗ ಒಂದೇ ದಿಕ್ಕಿಗೆ ಹೆಜ್ಜೆ ಹೆಜ್ಜೆಯಾಗಿ ತಿರುಗಿ ಬಟ್ಟೆಯನ್ನು ಕೆಳಗೆ ತಳ್ಳುತ್ತದೆ. ಕೈಯಲ್ಲಿ ತಿರುಗಿಸಿ ನೋಡಿದೆ. ಒಂದು ಕಡೆಗೆ ತಿರುಗದೆ ಹಿಡಿದು ನಿಲ್ಲಬೇಕು, ಅಲ್ವಾ? ಎರಡೂ ಕಡೆಗೆ ಸಲೀಸಾಗಿ ತಿರುಗಿತು. ಅಲ್ಲಿಗೆ ಗೊತ್ತಾಯಿತು, ಒಳಗಿನ ಹಲ್ಲುಗಳು ಸವೆದಿವೆ.

ಪ್ಲಗ್ ತೆಗೆದೆ. ಮೇಲಿನ ಕ್ಯಾಪ್ ಎತ್ತಿ, ಒಳಗಿನ ಮುಚ್ಚಳ ತೆಗೆದು, ಉದ್ದನೆಯ ಎಕ್ಸ್‌ಟೆನ್ಷನ್ ಸರಳಿಗೆ 7/16 ಇಂಚಿನ ಸಾಕೆಟ್ ಪಾನಾ ಹಾಕಿ ಬೋಲ್ಟ್ ಬಿಚ್ಚಿದೆ. ಮೇಲಿನ ಭಾಗ ಹಾಗೇ ಎದ್ದು ಬಂತು. ಒಳಗೆ ಆ ಹಲ್ಲುಗಳು, ಬೆರಳ ತುದಿಯಷ್ಟು ದೊಡ್ಡ 4 ಪ್ಲಾಸ್ಟಿಕ್ ತುಂಡುಗಳು. ಅಂಚೆಲ್ಲ ನುಣ್ಣಗೆ ಸವೆದಿತ್ತು. ಅಮೆರಿಕದಲ್ಲಿ ಇವನ್ನು 'ಡಾಗ್ಸ್' ಎನ್ನುತ್ತಾರೆ. ಕೆಲವೇ ಡಾಲರ್ ಬೆಲೆ, ಹೊಸದನ್ನು ತಂದು ಕೂರಿಸಿದೆ. ಹಳೆಯದು ಕೂತಿದ್ದ ದಿಕ್ಕಿನ ಫೋಟೋ ತೆಗೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು, ಉಲ್ಟಾ ಕೂರಿಸಿದರೆ ಹಿಡಿಯುವುದಿಲ್ಲ. ಗ್ರೀಸ್ ಹಾಕಲಿಲ್ಲ, ಬಟ್ಟೆಯ ನೂಲೆಲ್ಲ ಅಂಟಿಕೊಳ್ಳುತ್ತದೆ.

ಜೋಡಿಸಲು ಅರ್ಧ ಗಂಟೆ. ಹಳೇ ಟವೆಲ್‌ಗಳನ್ನು ಹಾಕಿ ನಿಂತು ನೋಡಿದೆ. ಮೇಲಿದ್ದ ನೀಲಿ ಟವೆಲ್ ನಿಧಾನವಾಗಿ ಮುಳುಗಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಎದ್ದಿತು.