ಕುಂಚ ಹಿಡಿದು ಜೇನಿನ ಕೆಲಸ ಮಾಡಿದೆ

ಆ ವರ್ಷ ನನ್ನ ಕುಂಬಳದ ಬಳ್ಳಿ ತುಂಬಾ ಹೂ. ಕಾಯಿ ಮಾತ್ರ ಇಲ್ಲ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಕಾಣುತ್ತಿತ್ತು, ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಬಳ್ಳಿ ಸೊಂಪಾಗಿ ಹಬ್ಬಿತು, ಅಷ್ಟೇ.

ಒಂದು ಬೆಳಿಗ್ಗೆ ಸುಮ್ನೆ ಬಳ್ಳಿ ಪಕ್ಕ ಕೂತೆ. ಅರ್ಧ ಗಂಟೆಯಾದರೂ ಒಂದೇ ಒಂದು ಜೇನ್ನೊಣ ಬರಲಿಲ್ಲ. ಆಗ ಹೊಳೆಯಿತು. ಎರಡು ವರ್ಷದಿಂದ ಗಿಡದ ರಸ ಹೀರುವ ಸಸ್ಯಹೇನು ಕಂಡಾಗಲೆಲ್ಲ ಔಷಧಿ ಹೊಡೆದಿದ್ದೆ. ಬದುವಿನ ಮೇಲಿನ ಕಳೆಯನ್ನೂ ಒಂದು ಕಡ್ಡಿ ಬಿಡದೆ ಕಿತ್ತು, ತೋಟ ಎಷ್ಟು ಚೊಕ್ಕವಾಗಿದೆ ಅಂತ ಬೀಗಿದ್ದೆ.

ಮಗುವಿನ ಬಣ್ಣದ ಕುಂಚ ತಗೊಂಡು ನಾನೇ ಜೇನಿನ ಕೆಲಸಕ್ಕೆ ಇಳಿದೆ. ಗಂಡು ಹೂವಿನ ಪುಡಿ ತೆಗೆದು ಹೆಣ್ಣು ಹೂವಿಗೆ ಸವರಬೇಕು, ಆಗಲೇ ಕಾಯಿ ಕಟ್ಟೋದು. ಕೇಳೋದಕ್ಕೆ ಸುಲಭ. ಆದರೆ ಕುಂಬಳದ ಹೂ ನಸುಕಿನಲ್ಲಿ ಅರಳಿ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಆ ದಿನ ತಪ್ಪಿದರೆ ಆ ಹೂ ಹೋಯಿತು. ಪುಡಿ ಕಮ್ಮಿ ಬಿದ್ದರೆ ಕಾಯಿ ಒಂದು ಕಡೆ ಊದಿ, ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಹತ್ತೇ ಬಳ್ಳಿಗೆ ನನ್ನ ಸೊಂಟ ಬಿದ್ದುಹೋಯಿತು!

ವೆನಿಲಾ ಬೆಳೆಯುವವರ ನೆನಪಾಯಿತು. ಅದರ ತವರು ಮೆಕ್ಸಿಕೊ ಕಡೆ. ಬಳ್ಳಿ ಹಡಗು ಹತ್ತಿ ಬೇರೆ ದೇಶಗಳಿಗೆ ಹೋಯಿತು, ಅದರ ಹೂವಿಗೆ ಪುಡಿ ಮುಟ್ಟಿಸುವ ಹುಳ ಹೋಗಲಿಲ್ಲ. ಕಾಯಿ ಕಟ್ಟಲೇ ಇಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಅಲ್ಬಿಯಸ್ ಎಂಬ 12 ವರ್ಷದ ಹುಡುಗ, ಸಣ್ಣ ಕಡ್ಡಿಯಲ್ಲಿ ಹೂವಿಗೆ ಪುಡಿ ಮುಟ್ಟಿಸುವ ಸುಲಭದ ದಾರಿ ಕಂಡುಕೊಂಡ. ಇವತ್ತಿಗೂ ತೋಟಗಳಲ್ಲಿ ಒಂದೊಂದು ಹೂವನ್ನೂ ಕೈಯಲ್ಲೇ ಮುಟ್ಟುತ್ತಾರೆ. ವೆನಿಲಾ ಅಷ್ಟು ದುಬಾರಿಯಾಗಲು ಇದೂ ಒಂದು ಕಾರಣ.

ಮರು ವರ್ಷ ಒಂದು ಜೇನು ಪೆಟ್ಟಿಗೆ ತಂದಿಟ್ಟೆ. ಕುಂಬಳ, ಸೌತೆ ಚೆನ್ನಾಗಿ ಕಾಯಿ ಕಚ್ಚಿದವು. ಬದನೆಯದು ಮಾತ್ರ ಅದೇ ಹಾಡು. ಯಾಕೆ ಅಂತ ಹುಡುಕಿದಾಗ ನನಗೇ ಆಶ್ಚರ್ಯವಾಯಿತು. ಬದನೆ, ಟೊಮೇಟೊ ಹೂಗಳಲ್ಲಿ ಪುಡಿ ಸಣ್ಣ ಕೊಳವೆಯೊಳಗೆ ಅಡಗಿರುತ್ತದೆ. ಹೂವನ್ನು ತಬ್ಬಿ ಹಿಡಿದು ಝುಂಯ್ ಅಂತ ನಡುಗಿಸಿದರೆ ಮಾತ್ರ ಸರಿಯಾಗಿ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಬರೋದಿಲ್ಲ. ಮರ ಕೊರೆಯುವ ದಪ್ಪ ಕಪ್ಪು ದುಂಬಿಗೆ ಬರುತ್ತದೆ, ಅದೂ ಜೇನಿನ ಬಳಗದ್ದೇ.

ಅಂದರೆ ಒಂದು ಜಾತಿಯನ್ನು ತಂದು ಸಾಕಿದರೆ ಮುಗಿಯೋದಿಲ್ಲ. ಲೋಕದಲ್ಲಿ 20,000ಕ್ಕೂ ಜಾಸ್ತಿ ಬಗೆಯ ಜೇನುಗಳಿವೆ. ಹೆಚ್ಚಿನವು ಗೂಡು ಕಟ್ಟಿ ಗುಂಪಾಗಿ ಬಾಳುವುದಿಲ್ಲ, ಒಂಟಿಯಾಗಿ ಮಣ್ಣಿನ ಬಿಲದಲ್ಲೋ ಟೊಳ್ಳು ಕಡ್ಡಿಯಲ್ಲೋ ಇರುತ್ತವೆ. ನಾನು ಬದು ಕೆರೆದಾಗಲೆಲ್ಲ ಅವುಗಳ ಮನೆಯನ್ನೇ ಕೆರೆದಿದ್ದೆ.

ಜೇನು ಹೋದರೆ ಮನುಷ್ಯರೆಲ್ಲ ಉಪವಾಸ ಸಾಯುತ್ತಾರೆ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಭತ್ತ, ಗೋಧಿಗೆ ಹುಳ ಬೇಕಿಲ್ಲ. ಹೊಟ್ಟೆ ಹೇಗೋ ತುಂಬುತ್ತದೆ. ಆದರೆ ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಬಿಇಎಸ್‌ನ 2016ರ ವರದಿಯ ಪ್ರಕಾರ, ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವು ಸ್ವಲ್ಪ ಮಟ್ಟಿಗಾದರೂ ಹುಳ, ಹಕ್ಕಿ, ಬಾವಲಿಗಳನ್ನು ನಂಬಿವೆ. ಹಣ್ಣು, ತರಕಾರಿ, ಬೀಜಗಳೇ ಅದರಲ್ಲಿ ಜಾಸ್ತಿ. ಬರೀ ಅನ್ನ, ರೊಟ್ಟಿ ತಿಂದುಕೊಂಡು ಆರೋಗ್ಯವಾಗಿರೋದು ಕಷ್ಟ ಅಲ್ವಾ?

ಔಷಧಿ ನಿಲ್ಲಿಸಿದೆ. ಬದುವಿನ ಅರ್ಧ ಭಾಗವನ್ನು ಹಾಗೇ ಬಿಟ್ಟೆ, ಒಂದು ಮೂಲೆಯ ಮಣ್ಣನ್ನು ಅಗೆಯಲೇ ಇಲ್ಲ. ಮೊದಲ ವರ್ಷ ಕೆಟ್ಟದಾಗಿತ್ತು, ಸುಳ್ಳು ಹೇಳೋದಿಲ್ಲ. ಹೇನು ಸಿಕ್ಕಾಪಟ್ಟೆ. ಅವು ಗಂಡಿನ ಹಂಗಿಲ್ಲದೆಯೇ ಮರಿ ಹಾಕುತ್ತವೆ, ವಾರದೊಳಗೆ ಚಿಗುರೆಲ್ಲ ಅವೇ. ಎರಡು ಸಲ ಔಷಧಿ ಪಂಪಿನ ಹತ್ತಿರ ಹೋಗಿ ವಾಪಸ್ ಬಂದೆ. ಆಮೇಲೆ ಎಲೆ ಮೇಲೆ ಪುಟ್ಟ ಮೊಸಳೆಯಂಥ ಕಪ್ಪು ಹುಳಗಳು ಕಂಡವು. ಮೊದಲೆಲ್ಲ ಇವನ್ನು ನಾನು ಕೈಯಾರೆ ಹೊಸಕುತ್ತಿದ್ದೆ. ಅವು ಗುಲಗಂಜಿ ಹುಳದ ಮರಿಗಳು, ಹೇನನ್ನೇ ತಿಂದು ಬೆಳೆಯುವಂಥವು! ನನ್ನ ಕಡೆಯವರನ್ನೇ ನಾನು ಕೊಂದಿದ್ದೆ.

ಕುಂಬಳದ ತಳಿಯನ್ನೂ ಒಂದರಿಂದ ಮೂರಕ್ಕೆ ಏರಿಸಿದೆ. ಐರ್ಲೆಂಡಿನವರು ಹೆಚ್ಚಾಗಿ ಒಂದೇ ತಳಿಯ ಆಲೂಗಡ್ಡೆ ನಂಬಿದ್ದರು, 1845ರಲ್ಲಿ ಅಂಗಮಾರಿ ರೋಗ ಬಂದಾಗ ಗತಿಯಿಲ್ಲದಾಯಿತು. ನನ್ನದು ಚಿಕ್ಕ ತೋಟ, ಆದರೂ ಬೂದಿ ರೋಗ ಬಂದಾಗ ಒಂದು ತಳಿ ಪೂರ್ತಿ ಒಣಗಿತು, ಇನ್ನೆರಡು ತಡೆದವು.

ಮೂರನೇ ವರ್ಷ ಬದನೆ ಹೂವಿನಲ್ಲಿ ಝುಂಯ್ ಸದ್ದು ಕೇಳಿತು. ಕಪ್ಪು ದುಂಬಿ ಎಲ್ಲಿಂದ ಬಂತು ಅಂತ ಹುಡುಕಿದರೆ, ನನ್ನ ಚಪ್ಪರದ ಕಂಬವನ್ನೇ ಕೊರೆದು ಮನೆ ಮಾಡಿತ್ತು. ಹೊಸ ಕಂಬ ನೆಡಬೇಕಾಯಿತು. ಹಳೆಯದನ್ನು ಬೇಲಿಗೆ ಒರಗಿಸಿದ್ದೇನೆ. ತೂತುಗಳು ಈಗ ಆರಾಗಿವೆ.